ಸೀಟು ತಗ್ಗಿಸಿಕೊಟ್ಟವನು

ನನ್ನ ಎತ್ತರ ಐದು ಅಡಿ ಒಂದು ಇಂಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದೆಲ್ಲ ಒಂದೆರಡು ಇಂಚಿನ ವಿಷಯ.

ಎಂಬತ್ತರ ದಶಕದ ಮೊದಲ ವರ್ಷಗಳು. ಯಲಹಂಕದ ಹೊರಗೆ ಒಂದು ಸಣ್ಣ ಖಾಸಗಿ ಡೈರಿ ಇತ್ತು, ಈಗಿಲ್ಲ. ಅಲ್ಲಿ ನನ್ನದು ಹಾಲು ಪರೀಕ್ಷೆ ಮಾಡುವ ಕೆಲಸ. ಬಾಗಲೂರು, ಹುಣಸಮಾರನಹಳ್ಳಿ ಕಡೆಯಿಂದ ಕ್ಯಾನುಗಳು ಬಂದಿಳಿದ ಕೂಡಲೇ ಒಂದೊಂದರಿಂದಲೂ ಸ್ವಲ್ಪ ಹಾಲನ್ನು ಗಾಜಿನ ಕೊಳವೆಗೆ ಸುರಿದು, ಲ್ಯಾಕ್ಟೋಮೀಟರ್ ತೇಲಿಬಿಟ್ಟು, ನೀರು ಬೆರೆತಿದೆಯೇ ಎಂದು ನೋಡಬೇಕು. ನಿಂತು ಮೇಲಿನಿಂದ ನೋಡಿದರೆ ಅಂಕಿ ತಪ್ಪಾಗಿ ಕಾಣುತ್ತದೆ. ಮಂಡಿ ಬಗ್ಗಿಸಿ ಕಣ್ಣನ್ನು ಹಾಲಿನ ಮಟ್ಟಕ್ಕೇ ತರಬೇಕು. ನಾಲ್ಕು ವರ್ಷ ಹಾಗೆ ಓದಿ ಓದಿ, ಏನನ್ನೇ ಆಗಲಿ ಅದರ ಮಟ್ಟಕ್ಕೆ ಇಳಿದು ನೋಡುವುದು ನನಗೆ ಅಭ್ಯಾಸವಾಗಿತ್ತು. ಮನುಷ್ಯರ ವಿಷಯದಲ್ಲಿ ಮಾತ್ರ ಅದು ನೆರವಾಗಲಿಲ್ಲ.

ಆ ವರ್ಷ ಹಳ್ಳಿಗಳ ಸೂಪರ್‌ವೈಸರ್ ಕೆಲಸ ಖಾಲಿಯಾಯಿತು. ಆ ಕೆಲಸಕ್ಕೆ ಡೈರಿಯ ಹಿಂದಿನ ಎರಡು ಕೋಣೆಯ ಮನೆಯೂ ಸೇರಿತ್ತು. ನನಗೆ ಬೇಕಾಗಿದ್ದದ್ದು ಆ ಮನೆ. ನನ್ನ ಹೆಂಡತಿ ಬಾಣಂತನಕ್ಕೆಂದು ಗದಗದ ಕಡೆಯ ತವರಿಗೆ ಹೋದವಳು, ಮಗಳು ಅಂಬೆಗಾಲಿಡುವ ಹೊತ್ತಾದರೂ ಅಲ್ಲೇ ಇದ್ದಳು. ನಾನು ಇಲ್ಲಿ ಯಲಹಂಕದ ಹಳೇ ಊರಿನಲ್ಲಿ ನಮ್ಮ ಕಡೆಯವನೇ ಆದ ಗೆಳೆಯನೊಬ್ಬನ ಜೊತೆ ಒಂದೇ ಕೋಣೆಯಲ್ಲಿದ್ದೆ. ಕರೆತರುವುದಾದರೂ ಎಲ್ಲಿಗೆ?

ಸೂಪರ್‌ವೈಸರ್ ಆಗುವವನಿಗೆ ಮೋಟಾರ್ ಸೈಕಲ್ ಓಡಿಸಲು ಬರಬೇಕು ಎಂದು ಮ್ಯಾನೇಜರ್ ಹೇಳಿದರು. ಡೈರಿಯಲ್ಲಿದ್ದದ್ದು ಒಂದೇ ಗಾಡಿ. ಮಿಲಿಟರಿ ಹರಾಜಿನಲ್ಲಿ ಕೊಂಡದ್ದು, ಕುದುರೆಯಷ್ಟು ಎತ್ತರ. ಅದರ ಮೇಲೆ ಕೂತರೆ ನನ್ನ ಎರಡೂ ಕಾಲು ಗಾಳಿಯಲ್ಲಿ. ಒಂದು ಪಕ್ಕಕ್ಕೆ ಪೂರ್ತಿ ವಾಲಿದರೆ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಕುತ್ತಿತ್ತು.

"ನಿಮ್ಗೆ ಓಡ್ಸಕ್ಕೆ ಬರತ್ತೆ, ಸರಿ ಕಣ್ರೀ. ನಿಲ್ಸಕ್ಕೆ ಬರಬೇಕಲ್ಲ?" ಎಂದು ಮ್ಯಾನೇಜರ್ ನಕ್ಕರು. "ಹದಿನೈದು ದಿನ ಟೈಮ್ ಕೊಡ್ತೀನಿ. ಬಾಟಲ್ ಪೆಟ್ಟಿಗೆ ಕಟ್ಕೊಂಡು ಒಂದು ರೌಂಡ್ ಹೋಗ್ಬಂದು, ಗೇಟಿನ ಹತ್ರ ಗೆರೆ ಮೇಲೆ ನಿಲ್ಸಿ. ಹಾಲು ಚೆಲ್ಲಬಾರ್ದು. ಆಮೇಲೆ ಮಾತಾಡೋಣ."

ನನ್ನ ಕೋಣೆಯ ಗೆಳೆಯ ಡೈರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಆರಡಿಗೆ ಒಂದಿಂಚು ಕಡಿಮೆ. ಯಂತ್ರಗಳು ಅವನ ಮಾತು ಕೇಳುತ್ತಿದ್ದವು. ಅಂದು ಸಂಜೆ ಸ್ಟೌ ಮೇಲೆ ಅನ್ನ ಇಡುತ್ತ, "ಆ ಕೆಲಸಾ ನೀನೂ ಯಾಕ ಕೇಳಬಾರದು?" ಎಂದೆ.

"ಹುಚ್ಚದಿ ಏನಲೇ? ಆ ಬಿಸಿಲಾಗ ಊರೂರು ತಿರುಗಿ ಎಮ್ಮಿ ಮುಂದ ನಿಂದ್ರೂದು ನನಗ ಬ್ಯಾಡಪಾ. ನೀ ಹೊಂಡು. ಗಾಡೀನ ನಿನ್ನ ಅಳತಿಗೆ ನಾ ಇಳಸ್ತೀನಿ," ಎಂದ.

ಹೇಳಿದಂತೆಯೇ ಮಾಡಿದ. ಮ್ಯಾನೇಜರರ ಒಪ್ಪಿಗೆ ಪಡೆದು ಭಾನುವಾರ ಇಬ್ಬರೂ ಸೀಟು ಬಿಚ್ಚಿ ಹೊತ್ತುಕೊಂಡು ಬಸ್ಸಿನಲ್ಲಿ ಯಶವಂತಪುರಕ್ಕೆ ಹೋದೆವು. ಸೀಟು ಹೊಲಿಯುವವನು ರೆಕ್ಸಿನ್ ಕಿತ್ತು, ಒಳಗಿನ ಫೋಮಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಉದ್ದನೆಯ ಚಾಕುವಿನಿಂದ ಎರಡು ಇಂಚು ಕೊಯ್ದ. ಪಕ್ಕದ ಅಂಚುಗಳನ್ನೂ ಸವರಿದ. ಸೀಟು ಅಗಲವಿದ್ದರೆ ತೊಡೆ ಅಗಲವಾಗಿ ಕಾಲು ಮೇಲೆ ಉಳಿಯುತ್ತದಂತೆ. "ಸಾರ್, ಇನ್ನೂ ಕೊಯ್ದ್ರೆ ತಗಡೇ ಬರತ್ತೆ. ಮಿಕ್ಕಿದ್ದು ನೀವೇ ಬೆಳ್ಕೊಳಿ," ಎಂದ. ನನ್ನ ಗೆಳೆಯ ಅಂಗಡಿಯ ಕಂಬ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

ಇನ್ನೂ ಒಂದು ಇಂಚು ಬೇಕಾಗಿತ್ತು. ಅದನ್ನು ಅವನು ಹಿಂದಿನ ಚಕ್ರದ ಸ್ಪ್ರಿಂಗುಗಳಲ್ಲಿ ಹುಡುಕಿದ. ಚಕ್ರದ ಎರಡೂ ಕಡೆ ಇರುವ ಸ್ಪ್ರಿಂಗಿನ ಬುಡದಲ್ಲಿ ಒಂದೊಂದು ಉಕ್ಕಿನ ಬಳೆ, ಅದಕ್ಕೆ ಮೂರು ಮೆಟ್ಟಿಲು. ಕೊಕ್ಕೆಯಂಥ ಪಾನಾ, ಅಂದರೆ ಸ್ಪ್ಯಾನರ್, ಹಾಕಿ ಬಳೆ ತಿರುಗಿಸಿ ಮೂರನೆಯ ಮೆಟ್ಟಿಲಿಗೆ ತಂದರೆ ಸ್ಪ್ರಿಂಗು ಬಿಗಿಯಾಗುತ್ತದೆ. ಹಿಂದೆ ಭಾರ ಹೇರುವಾಗ ಹಾಗೆ ಇಡುತ್ತಾರೆ. ಮೊದಲನೆಯ ಮೆಟ್ಟಿಲಲ್ಲಿ ಇಟ್ಟರೆ ಸಡಿಲವಾಗಿ, ಕೂತ ಕೂಡಲೇ ಗಾಡಿ ಕುಸಿಯುತ್ತದೆ. ಅವನು ಮೊದಲನೆಯದಕ್ಕೆ ತಂದ. ನಾನು ಕೂತೆ. ಎಡಪಾದದ ಮುಂಭಾಗ ಇಡೀ ನೆಲಕ್ಕೆ ಊರಿತು. ಆ ಕ್ಷಣ ನನಗೆ ಕಂಡದ್ದು ನೆಲವಲ್ಲ, ಡೈರಿಯ ಹಿಂದಿನ ಮನೆಯ ಹೊಸ್ತಿಲು.

ಕ್ಯಾನುಗಳ ಮೇಲೆ ಹಳ್ಳಿಯ ಹೆಸರು ಬರೆಯುವ ಬಿಳಿ ಬಣ್ಣದ ಡಬ್ಬಿ ತಂದು, ಅವನು ಎರಡೂ ಕಡೆ ಬಳೆಯ ಮೇಲೊಂದು ಚುಕ್ಕೆ, ಅದಕ್ಕೆ ಸರಿಯಾಗಿ ಕೆಳಗೆ ಅಲುಗಾಡದ ಕಬ್ಬಿಣದ ಮೇಲೊಂದು ಚುಕ್ಕೆ ಇಟ್ಟ. "ಬ್ಯಾರೆಯವ್ರು ಯಾರರೆ ಗಾಡಿ ಒಯ್ದು ತಿರುವಿದ್ರ ನಿನಗ ತಿಳೀಬೇಕಲ್ಲ. ದಿನಾ ಏರೂಕಿಂತ ಮುಂಚೆ ನೋಡು. ಚುಕ್ಕಿಗೆ ಚುಕ್ಕಿ ಕೂಡಿದ್ರ ಸೈ."

ನಾನು ದಿನವೂ ನೋಡಿದೆ. ಕುಕ್ಕರಗಾಲಲ್ಲಿ ಕೂತು, ಕಣ್ಣು ಚುಕ್ಕೆಯ ಮಟ್ಟಕ್ಕೆ ತಂದು. ಆಮೇಲೆ ಕ್ಯಾನು ಇಳಿಸುವ ಕಟ್ಟೆಯ ಮೇಲಿಂದ ಗಾಡಿ ಏರುತ್ತಿದ್ದೆ. ಅವನು ಹಿಂದಿನಿಂದ ದೂಕಿ ಸ್ಟ್ಯಾಂಡ್ ಬಿಡಿಸುತ್ತಿದ್ದ. ಹತ್ತು ದಿನದಲ್ಲಿ ನನಗೆ ಗೆರೆಯ ಮೇಲೆ ನಿಲ್ಲಿಸಲು ಬಂತು. ಹೆಂಡತಿಗೆ ಬರೆದ ಕಾಗದಗಳಲ್ಲಿ ಸೀಟಿನ ವಿಷಯ, ಸ್ಪ್ರಿಂಗಿನ ವಿಷಯ, ಎಲ್ಲಕ್ಕಿಂತ ಹೆಚ್ಚಾಗಿ ಅವನ ವಿಷಯ ಬರೆದೆ. ಫೋಮು ಕೊಯ್ದ ಮೇಲೆ ಕೂರುವುದಕ್ಕೆ ಹಲಗೆಯಂತಾಗಿದೆ ಎಂದೂ ತಮಾಷೆಗೆ ಬರೆದಿದ್ದೆ.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಡೈರಿಗೆ ಹೋದಾಗ ಗಾಡಿ ಮಿಂಚುತ್ತಿತ್ತು. ಹಿಂದಿನ ಸಂಜೆ ಅವನು ಸೀಮೆಎಣ್ಣೆ ಹಾಕಿ ಒರೆಸಿದ್ದನಂತೆ. "ಮದುಮಗನ ಕುದರಿ ಇದ್ದಂಗ ಇರಬೇಕಲ್ಲೇ," ಎಂದ. ನನ್ನ ಕಣ್ಣು ತೇವವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ. ಕುಕ್ಕರಗಾಲಲ್ಲಿ ಕೂತು ನೋಡಿದೆ. ಎರಡೂ ಕಡೆ ಚುಕ್ಕೆಗೆ ಚುಕ್ಕೆ ಕೂಡಿತ್ತು.

ಕಟ್ಟೆಯಿಂದ ಏರಿದೆ. ಅವನು ದೂಕಿದ. ಹೋಗುವಾಗ ದಾರಿಯ ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯಿತು. ಗಾಡಿ ಇವತ್ತು ಯಾಕೋ ಗಟ್ಟಿಯಾಗಿದೆ ಅನ್ನಿಸಿತು. ಭಯಕ್ಕೆ ನನ್ನ ಮೈಯೇ ಬಿಗಿದಿರಬೇಕು ಎಂದುಕೊಂಡೆ. ತಿರುಗಿ ಬಂದೆ. ಗೇಟಿನ ಹತ್ತಿರ ಸುಣ್ಣದ ಗೆರೆ, ಅದರಾಚೆ ಮ್ಯಾನೇಜರು, ಕ್ಯಾನು ತೊಳೆಯುವವರು, ಅವನು. ಗೆರೆಯ ಮೇಲೆ ಸರಿಯಾಗಿ ನಿಲ್ಲಿಸಿದೆ. ಎಡಗಾಲು ಕೆಳಗಿಟ್ಟೆ.

ನೆಲ ಅಲ್ಲಿರಲಿಲ್ಲ.

ಹತ್ತು ದಿನ ಸಿಕ್ಕ ಜಾಗದಲ್ಲಿ ಅದು ಇರಲಿಲ್ಲ. ಕಾಲು ಇನ್ನೂ ಕೆಳಗೆ ಹುಡುಕುತ್ತಿರುವಾಗಲೇ ಗಾಡಿ ವಾಲಿತು. ಬಾಟಲಿಗಳು ಒಡೆದ ಸದ್ದು ಮೊದಲು ಕೇಳಿತು, ಆಮೇಲೆ ನಾನು ಬಿದ್ದದ್ದು ತಿಳಿಯಿತು. ಕಾಲು ಗಾಡಿಯ ಅಡಿಯಲ್ಲಿ ಸಿಕ್ಕಿತ್ತು. ಕೆನ್ನೆ ಮಣ್ಣಿನ ಮೇಲೆ. ಹಾಲು ಕಿವಿಯ ಪಕ್ಕ ಹರಿಯುತ್ತಿತ್ತು. ಕಣ್ಣೆದುರಿಗೆ, ಒಂದು ಗೇಣು ದೂರದಲ್ಲಿ, ಸ್ಪ್ರಿಂಗಿನ ಬಳೆ ಇತ್ತು. ಅದು ಮೂರನೆಯ ಮೆಟ್ಟಿಲಲ್ಲಿತ್ತು. ಚುಕ್ಕೆ ಮಾತ್ರ ಚುಕ್ಕೆಗೆ ಕೂಡಿತ್ತು.

ನಾನು ಹೆಬ್ಬೆರಳು ಚಾಚಿ ಬಳೆಯ ಮೇಲಿನ ಚುಕ್ಕೆಯನ್ನು ಒತ್ತಿದೆ. ಬಣ್ಣ ಅಂಟಿಕೊಂಡು ಬಂತು. ಮೇಲಿನ ಪೊರೆ ಒಣಗಿತ್ತು, ಅಡಿಯ ಬಣ್ಣ ಇನ್ನೂ ಹಸಿ. ಹಳೆಯ ಚುಕ್ಕೆ ಹಿಂದಿನ ಸಂಜೆಯ ಸೀಮೆಎಣ್ಣೆಯಲ್ಲಿ ಅಳಿಸಿಹೋಗಿತ್ತು.

ನಾನು ಬೆಳಿಗ್ಗೆ ನೋಡುವುದು ಮೆಟ್ಟಿಲನ್ನಲ್ಲ, ಚುಕ್ಕೆಯನ್ನು ಮಾತ್ರ ಎಂಬುದು ಒಬ್ಬನಿಗೆ ಗೊತ್ತಿತ್ತು. ಹಾಗೆ ಕಲಿಸಿದವನಿಗೆ.

ಗಾಡಿ ಎತ್ತಿದವನೂ ಅವನೇ. ಕೈ ನೀಡಿ, "ಹಿಡ್ಕೋ, ಹಿಡ್ಕೋ," ಎಂದ. ಹಿಡಿದುಕೊಂಡೆ. ನನ್ನ ಹೆಬ್ಬೆರಳಿನ ಬಿಳಿ ಅವನ ಮಣಿಕಟ್ಟಿಗೆ ಅಂಟಿತು. ಅದಕ್ಕೆ ಮೊದಲೇ ಅವನ ಉಗುರಿನಲ್ಲಿ ಬಣ್ಣವಿತ್ತೋ ಇಲ್ಲವೋ ನಾನು ನೋಡಿರಲಿಲ್ಲ. ಆಮೇಲೆ ನೋಡಿ ಪ್ರಯೋಜನವಿರಲಿಲ್ಲ.

ಮ್ಯಾನೇಜರು, "ಹೋಗ್ಲಿ ಬಿಡಿ, ಕಾಲು ಮುರೀಲಿಲ್ವಲ್ಲ," ಎಂದು ಅವನ ಕಡೆ ತಿರುಗಿದರು. "ನೀವು ಹತ್ತಿ. ನಿಮ್ಮ ಅರ್ಜಿನೂ ಇದೆಯಲ್ಲ."

ಅರ್ಜಿಯ ವಿಷಯ ನಾನು ಕೇಳಿದ್ದು ಆಗಲೇ.

ಮಧ್ಯಾಹ್ನ ಕೋಣೆಯಲ್ಲಿ, ಊದಿದ ಕಾಲನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದಾಗ ಅವನು ಬಂದ. ನಾನು ಹೆಬ್ಬೆರಳು ತೋರಿಸಿದೆ. ತೊಳೆದಿರಲಿಲ್ಲ.

ಅವನು ಅದನ್ನು ನೋಡಿದ. "ನಿನಗ ಚೊಲೋನ ಆತು," ಎಂದ. "ಇವತ್ತು ಗೇಟಿನಾಗ ಬಿದ್ದಿ. ನಾಳೆ ಹೆಬ್ಬಾಳದ ರೋಡಿನಾಗ ಲಾರಿ ಮುಂದ ಬಿದ್ದಿದ್ರ? ಆ ಗಾಡಿ ನಿನಗ ಅಲ್ಲಲೇ."

"ಹಂಗಾರ ಇಳಿಸಿದ್ಯಾಕ?"

"ಇಳಿಸೂವಾಗ ನನಗೂ ಬೇಕು ಅನಿಸಿದ್ದಿಲ್ಲ."

ಈ ಒಂದು ಮಾತನ್ನು ನಾನು ನಂಬುತ್ತೇನೆ. ಉಳಿದದ್ದನ್ನು ನಂಬಿದ್ದರೆ ನೆಮ್ಮದಿ ಸಿಗುತ್ತಿತ್ತು, ಪ್ರಯತ್ನಪಟ್ಟೆ, ಆಗಲಿಲ್ಲ. ಅವನು ಬಾಗಿಲಲ್ಲಿ ನಿಂತು ಮತ್ತೆ ಹೇಳಿದ: "ಎರಡು ಖೋಲಿ ಅದಾವು. ನಾ ಒಬ್ಬಾವ. ಒಂದರಾಗ ನೀವಿರ್ರಿ. ತಂಗೀನ್ನ ಕರಕೊಂಡು ಬಾ."

ನನ್ನ ಹೆಂಡತಿಯನ್ನು ಅವನು ನೋಡಿಯೇ ಇರಲಿಲ್ಲ. ತಂಗಿ ಎಂದ. ನನ್ನ ಕಾಗದಗಳನ್ನು ನಾನು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ, ಅದರ ಸಲಿಗೆ.

ಅವನು ಆ ಮನೆಗೆ ಹೋದ ವಾರದಲ್ಲೇ ಊರಿನಿಂದ ಬಂದವರೊಬ್ಬರು ನನಗೊಂದು ಗಂಟು ತಂದುಕೊಟ್ಟರು. ಒಳಗೆ ಮೊಳದುದ್ದದ ಪುಟ್ಟ ಕೌದಿ. ಅವಳ ಹಳೆಯ ಸೀರೆ, ಮಗಳ ಕುಲಾಯಿ, ನನ್ನ ಒಂದು ಅಂಗಿಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಒತ್ತೊತ್ತಾಗಿ ಹೊಲಿದದ್ದು. ನಾಲ್ಕು ಮೂಲೆಗೂ ಕಟ್ಟಲು ಲಾಡಿ. ಜೊತೆಗಿದ್ದ ಕಾಗದದಲ್ಲಿ, ಇದನ್ನು ಗಾಡಿಯ ಸೀಟಿಗೆ ಕಟ್ಟಿಕೊಳ್ಳಿರಿ, ಮೆತ್ತಗಾಗುತ್ತದೆ, ಆ ಅಣ್ಣಾವರಿಗೆ ನನ್ನ ನಮಸ್ಕಾರ ಹೇಳಿರಿ, ನಾವು ಯಾವಾಗ ಬರೋಣ ಎಂದಿತ್ತು. ಕೌದಿಯ ದಪ್ಪ ಒಂದು ಇಂಚಿಗೆ ಕಡಿಮೆಯಿರಲಿಲ್ಲ. ನನ್ನ ಕಾಲು ನೆಲಕ್ಕೆ ಸಿಗಲೆಂದು ಕೊಯ್ದ ಅರ್ಧವನ್ನು ಅವಳು ಪ್ರೀತಿಯಿಂದ ಮತ್ತೆ ಹೊಲಿದು ಕಳಿಸಿದ್ದಳು.

ಮರುದಿನ ಅದು ಪರೀಕ್ಷೆಯ ಶೆಡ್ಡಿನಲ್ಲಿ ನನ್ನ ಚೀಲದಿಂದ ಹೊರಗೆ ಕಾಣುತ್ತಿತ್ತು. ಹಳ್ಳಿಗಳಿಂದ ಬಂದ ಅವನು ಸ್ಯಾಂಪಲ್ ಬಾಟಲಿಗಳನ್ನು ಮೇಜಿನ ಮೇಲಿಟ್ಟು, ಸೊಂಟ ಒತ್ತಿಕೊಳ್ಳುತ್ತ, "ಆ ಸೀಟಿನಾಗ ಏನೂ ಉಳಿದಿಲ್ಲಲೇ, ಬರೇ ತಗಡು," ಎಂದ. ಅವನ ಕಣ್ಣು ಕೌದಿಯ ಮೇಲೆ ಬಿತ್ತು. ಲಾಡಿಗಳನ್ನು ನೋಡಿ ಏನೆಂದು ತಿಳಿಯಿತು. "ಗಾಡೀಗೇನು ಇದು? ತಾ ಇತ್ತ. ನಿನಗೀಗ ಏನು ಉಪಯೋಗ?"

ನಾನು ಕೌದಿಯನ್ನು ತೆಗೆದು ನನ್ನ ಸ್ಟೂಲಿನ ಮೇಲೆ ಹಾಕಿ, ನಾಲ್ಕು ಲಾಡಿಯನ್ನೂ ನಾಲ್ಕು ಕಾಲಿಗೆ ಕಟ್ಟಿದೆ. ನಿಧಾನವಾಗಿ ಕಟ್ಟಿದೆ. ಆಮೇಲೆ ಅವನು ತಂದ ಹಾಲನ್ನು ಕೊಳವೆಗೆ ಸುರಿದು, ಮಂಡಿ ಬಗ್ಗಿಸಿ, ಓದಿ, ಬಂದ ಅಂಕಿಯನ್ನೇ ಪುಸ್ತಕದಲ್ಲಿ ಬರೆದೆ.

ಅವನು ಹೋದ ಮೇಲೆ ಸ್ಟೂಲು ಏರಿ ಕೂತು ಇನ್‌ಲ್ಯಾಂಡ್ ಕಾಗದ ಬಿಡಿಸಿದೆ. ಕಾಲುಗಳು ನೆಲದಿಂದ ಮೇಲೆ ತೂಗಾಡುತ್ತಿದ್ದವು. ಸೀಟು ಈಗ ಮೆತ್ತಗಿದೆ ಎಂದು ಬರೆದೆ. ಅದು ಸುಳ್ಳಲ್ಲ. ಮನೆಯ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಆ ಅಣ್ಣಾವರಿಗೆ ನಮಸ್ಕಾರ ತಲುಪಿಸಿದೆನೋ ಇಲ್ಲವೋ ಎಂಬುದನ್ನು ಆ ಕಾಗದದಲ್ಲೂ ಬರೆಯಲಿಲ್ಲ, ಆಮೇಲಿನ ಯಾವ ಕಾಗದದಲ್ಲೂ ಬರೆಯಲಿಲ್ಲ.