ಬಡಿಗೆ ಬಿದ್ದ ಬೆನ್ನು

ಸಿರುಗುಪ್ಪದ ನಮ್ಮ ಮನೆಯಲ್ಲಿ ಬೆಕ್ಕಿಗೆ ಮೊದಲ ಏಟು ಬಿದ್ದದ್ದು ದೇವರ ಕೋಣೆಯಲ್ಲಿ. ಅಣ್ಣ ಲಿಂಗಪೂಜೆಗೆ ಕೂರುವ ಮಣೆಯ ಮೇಲೆ ಅದು ಉಚ್ಚೆ ಹೊಯ್ದಿತ್ತು. ನಾಲ್ಕೇ ಹನಿ, ಕೆಂಪಗೆ. ಆ ಕೆಂಪು ಅವನ ಕಣ್ಣಿಗೆ ಬೀಳಲೇ ಇಲ್ಲ. ಮಣೆ ಮೈಲಿಗೆಯಾಯಿತೆಂದು ಮೂಲೆಯ ಬಡಿಗೆ ಎತ್ತಿ ಅದರ ಬೆನ್ನಿಗೆ ಬಾರಿಸಿದ. ಅದು ಕಿರುಚಿದ ರೀತಿಗೆ ಪಕ್ಕದ ಮನೆಯವರು ಹೊರಗೆ ಬಂದರು.

ಅವತ್ತಿನಿಂದ ಬೆಕ್ಕು ಎಲ್ಲೆಂದರಲ್ಲಿ ಕೂತು ತಿಣುಕುತ್ತಿತ್ತು, ತಿಂದದ್ದನ್ನೆಲ್ಲ ಕಾರುತ್ತಿತ್ತು. ಅಣ್ಣ ಕಂಡಲ್ಲೆಲ್ಲ ಹೊಡೆದ. ಕೊನೆಗೆ, ನಮ್ಮ ಕಡೆ ಬೇಡವಾದ ಬೆಕ್ಕಿಗೆ ಮಾಡುವುದನ್ನೇ ಮಾಡಲು ಹೊರಟ: ದಾರಿ ಕಾಣದಂತೆ ಗೋಣಿಚೀಲದಲ್ಲಿ ಕಟ್ಟಿ, ತಿರುಗಿ ಬರಲಾರದಷ್ಟು ದೂರ ಬಿಟ್ಟುಬರುವುದು.

"ಕುರುಗೋಡು ಗುಡ್ಡದಾಗ ಒಗದು ಬರ್ತೀನಿ. ದೆವ್ವ ಹೊಕ್ಕೈತಿ ಇದಕ್ಕ," ಅಂದ, ಚೀಲವನ್ನು ಬೈಕಿನ ಮೇಲಿಡುತ್ತ.

"ದೆವ್ವ ನಿನಗ ಹೊಕ್ಕೈತಿ. ಕೆಳಗ ಇಡು ಚೀಲ," ಅಂದೆ ನಾನು.

"ಬಾಯಿ ಮುಚ್ಚಿ ಒಳಗ ಹೋಗು."

ಅದೇ ಬಡಿಗೆಯಿಂದ ನಾನು ಅವನ ಮೊಣಕೈಗೆ ಹೊಡೆದೆ. ಒಡಹುಟ್ಟಿದವನು ಅನ್ನುವುದೆಲ್ಲ ಆ ಹೊತ್ತಿಗೆ ಮರೆತೇಹೋಗಿತ್ತು. ಇನ್ನೊಂದು ಬಾರಿಸಬೇಕು ಅನ್ನಿಸಿತು, ಬಾರಿಸಿದೆ. ಚೀಲ ಕೆಳಗೆ ಬಿತ್ತು. ಬಿಚ್ಚಿದರೆ ಬೆಕ್ಕು ನನ್ನ ಹೆಬ್ಬೆರಳನ್ನೇ ಎಲುಬು ತಾಕುವಂತೆ ಕಚ್ಚಿತು. ರಕ್ತ ಸೋರುವ ಕೈಯಲ್ಲೇ ಅದನ್ನು ಬುಟ್ಟಿಗೆ ತುಂಬಿ ಬಳ್ಳಾರಿ ಬಸ್ಸು ಹತ್ತಿದೆ.

ಗಾಂಧಿನಗರದ ಪ್ರಾಣಿವೈದ್ಯರು ರಕ್ತ ತೆಗೆದರು, ಎಕ್ಸ್‌ರೇ, ಸ್ಕ್ಯಾನ್ ಮಾಡಿದರು.

"ಎರಡೂ ಕಿಡ್ನ್ಯಾಗ ಕಲ್ಲು ಅದಾವ್ರಿ. ಒಂದು ಕಿಡ್ನಿ ಆಗಲೇ ಕೆಟ್ಟೈತಿ. ಈ ಕಲ್ಲು ಔಷಧಕ್ಕ ಕರಗಂಗಿಲ್ಲ. ನೋವಿಗೆ ಔಷಧ ಕೊಡ್ತೀನಿ. ಆದ್ರ ಹೆಂಗರ ಮಾಡಿ ನೀರು ಕುಡಿಸ್ರಿ, ಊಟದಾಗೂ ನೀರು ಬೆರಸ್ರಿ. ನೀರು ಬಿಟ್ರ ಇದು ಉಳಿಯಂಗಿಲ್ಲ."

ಆಮೇಲೆ ಎಕ್ಸ್‌ರೇಯ ಇನ್ನೊಂದು ಕಡೆ ಬೆರಳಿಟ್ಟು ಕೇಳಿದರು: "ಈ ಪಕ್ಕೆಲುಬು ಹೆಂಗ ಮುರೀತ್ರಿ?"

ಆ ಎಕ್ಸ್‌ರೇಯನ್ನು ತಂದು ಅಣ್ಣನ ಮುಖಕ್ಕೆ ಎಸೆದೆ. ಹೋದ ಬೇಸಿಗೆಯಲ್ಲಿ ಇಂಥದೇ ಕಲ್ಲಿನ ನೋವಿಗೆ ಅವನು ಇದೇ ಅಂಗಳದಲ್ಲಿ ಹೊರಳಾಡಿ, ಅವ್ವನನ್ನು ಕರೆದು ಅತ್ತಿದ್ದ. ಬಾಳೆದಿಂಡಿನ ರಸ ಕುಡಿಸಿ ಬೆನ್ನು ನೀವಿದವಳು ನಾನು.

"ಅವತ್ತು ನಿನ್ನ ಬೆನ್ನಿಗೆ ಬಡಿಗಿ ತಗೊಂಡಿದ್ರ ಹೆಂಗಿರ್ತಿತ್ತು?" ಅಂದೆ.

ಅವನು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬಡಿಗೆಯನ್ನು ಮುರಿದು ನೀರೊಲೆಗೆ ಹಾಕಿದ. ನನ್ನ ಸಿಟ್ಟೇನೂ ಅದರಿಂದ ಇಳಿಯಲಿಲ್ಲ.

ಈಗ ಮನೆ ತುಂಬ ನೀರಿನ ಬಟ್ಟಲು. ಅವನೇ ತೊಳೆದು ತುಂಬಿಸುತ್ತಾನೆ. ಆದರೆ ಅವನು ಒಳಗಿದ್ದರೆ ಬೆಕ್ಕು ಮಂಚದ ಕೆಳಗಿಂದ ಹೊರಗೆ ಬರುವುದಿಲ್ಲ, ಒಂದು ಗುಟುಕೂ ಕುಡಿಯುವುದಿಲ್ಲ. ಅದಕ್ಕೇ ಬಟ್ಟಲು ಇಟ್ಟವನೇ ಹೊರಗೆ ಹೋಗಿ ಸುಡು ಬಿಸಿಲಲ್ಲಿ ನಿಲ್ಲುತ್ತಾನೆ. ಬಾಗಿಲಾಚೆಯಿಂದ ಮೆಲ್ಲಗೆ ಕೇಳುತ್ತಾನೆ:

"ಕುಡೀತೇನು ತಂಗಿ?"

ಬೆಕ್ಕು ಕುಡಿಯುತ್ತಿದ್ದರೂ ನಾನು ಬೇಗ ಉತ್ತರ ಕೊಡುವುದಿಲ್ಲ.