ಏಳರಿಂದ ಗುಣಿಸಿದರೆ

ನಯಾಪೈಸೆ ಬಂದ ಮರುವರ್ಷ ಶಿಕಾರಿಪುರದಲ್ಲಿ ಮದುವೆ ಮುಗಿಸಿಕೊಂಡು ಸೊರಬದ ಗಂಡನ ಮನೆಗೆ ಬಂದಿಳಿದೆ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತರು. ಹೆಂಡತಿಯ ಹೆಸರನ್ನು ಒಡಪು ಕಟ್ಟಿ ಹೇಳದೆ ಮದುಮಗ ಹೊಸ್ತಿಲು ದಾಟುವಂತಿಲ್ಲ.

ನನ್ನ ಗಂಡ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಒಡಪು ಬಿಟ್ಟು ಪಾಠ ಶುರುಮಾಡಿದರು.

“1,42,857. ಎರಡರಿಂದ ಗುಣಿಸಿದ್ರೆ 2,85,714. ಮೂರರಿಂದ ಗುಣಿಸಿದ್ರೆ 4,28,571. ಆರರವರೆಗೂ ಅವೇ ಅಂಕಿಗಳು, ಜಾಗ ಮಾತ್ರ ಬೇರೆ. ನನ್ನ ಹೆಂಡ್ತೀನೂ ಹಾಗೇ. ಎಲ್ಲಿ ಕೂರಿಸಿದ್ರೂ ಬದಲಾಗಲ್ಲ.”

ಕೂರಿಸುವ ಮಾತಿರಲಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂತೇ ಬಂದಿದ್ದೆ. ಹೊಟ್ಟೆ ಬೇರೆ ಹಸಿದಿತ್ತು. ತಲೆ ತಗ್ಗಿಸಿಕೊಂಡೇ ಮನಸ್ಸಿನಲ್ಲಿ ಏಳರ ಮಗ್ಗಿ ಹಿಡಿದೆ.

“ಸಪ್ತಪದಿ ಆಗೇತಲ್ರಿ,” ಎಂದೆ. “ಏಳರಿಂದ ಗುಣಿಸಿ ನೋಡ್ರಿ.”

ಮೇಷ್ಟ್ರಿಗೂ ಗೊತ್ತಿತ್ತು, ಆರಕ್ಕೇ ನಿಲ್ಲಿಸಿದ್ದು ಅದಕ್ಕೇ.

“ಎಷ್ಟು ಬರುತ್ತೋ?” ಎಂದು ಅತ್ತೆ ಮಗನನ್ನು ಕೇಳಿದರು.

“9,99,999.”

ಹಳೆಯ ಅಂಕಿ ಒಂದೂ ಉಳಿದಿರಲಿಲ್ಲ. ಆರೂ ಜಾಗದಲ್ಲಿ ಒಂಬತ್ತು ಕೂತಿತ್ತು.

ಅತ್ತೆ ಹೆಣ್ಣುಮಕ್ಕಳನ್ನು ಪಕ್ಕಕ್ಕೆ ಸರಿಸಿದರು. “ದಾರಿ ಬಿಡ್ರೇ. ಒಬ್ಬಳು ಸೊಸೆ ಬರ್ತಾಳೆ ಅಂದ್ಕೊಂಡಿದ್ದೆ, ನವಗ್ರಹಗಳೇ ಬಂದಿವೆ.”