ಇಳಿಜಾರಿನ ಮನೆಯ ಕಾರು

ನಮ್ಮ ಯಜಮಾನರು ಚೌಡಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಎಸ್ಟೇಟಿನವರೊಬ್ಬರು ಮೂಲೆಗೆ ಹಾಕಿದ್ದ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರನ್ನು ಆಸೆಪಟ್ಟು ಕೊಂಡು ತಂದರು. ಅರ್ಧ ಸಂಬಳ ಅದರ ಪೆಟ್ರೋಲಿಗೂ ರಿಪೇರಿಗೂ ಹೋಗುತ್ತಿತ್ತು. ಸೆಲ್ಫ್ ಸ್ಟಾರ್ಟರ್ ಕೆಟ್ಟ ಮೇಲೆ ಅದರ ಸಾಮಾನು ಎಲ್ಲೂ ಸಿಗಲಿಲ್ಲ. ಅದಕ್ಕೇ ರಿಟೈರಾದ ಮೇಲೆ ಶಿವಮೊಗ್ಗದ ಗೋಪಾಳದಲ್ಲಿ ಇಳಿಜಾರು ರಸ್ತೆಯ ಮನೆಯನ್ನೇ ಹುಡುಕಿ ಹಿಡಿದರು.

ತಳ್ಳುವವಳು ನಾನು. ನಿಲ್ಲಿಸಿದರೆ ಇಂಜಿನ್ ಮತ್ತೆ ಆಫ್ ಆಗುತ್ತದೆಂದು ಅವರು ನಿಲ್ಲಿಸುತ್ತಲೇ ಇರಲಿಲ್ಲ. "ಒಂದ್ ರೌಂಡ್ ಹೋಗ್ಬರ್ತೀನಿ ಮಾರಾಯ್ತಿ!" ಎಂದು ಕೂಗಿ ಹೊರಟುಬಿಡುತ್ತಿದ್ದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಬರುತ್ತಿದ್ದೆ. ಹೋದ ವರ್ಷ ಅವರು ಎದೆನೋವು ಬಂದು ತೀರಿಕೊಂಡರು. ಆಗಲೂ ಹಾಗೆಯೇ ನನ್ನನ್ನು ರಸ್ತೆಯಲ್ಲಿ ಬಿಟ್ಟು ಹೋದರು.

ಕಾರನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಸಿಕ್ಕಸಿಕ್ಕವರ ಕೈಗೆ ಕೊಡಲೂ ಮನಸ್ಸಿರಲಿಲ್ಲ. ಕಳೆದ ವಾರ ಭದ್ರಾವತಿಯಿಂದ ಮಧು ಎಂಬುವವನು ಹೆಂಡತಿ ಇಂಪನಾಳನ್ನು ಕರೆದುಕೊಂಡು ನೋಡಲು ಬಂದ.

"ಈ ಗಾಡಿನ ನಂಬ್ಕೋಬೋದಾ ಅಜ್ಜಿ?"

"ಗಾಡಿನ ನಂಬಬೇಡಪ್ಪ. ತಳ್ಳೋರನ್ನ ನಂಬ್ಕೋ."

"ಅಂದ್ರೆ ನನ್ನ!" ಎಂದು ಇಂಪನಾ ನಕ್ಕು ಚೂಡಿದಾರದ ವೇಲು ಸೊಂಟಕ್ಕೆ ಬಿಗಿದಳು.

ಅವಳು ತಳ್ಳಿದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಇಂಜಿನ್ ಹಿಡಿಯಿತು. ಇವನೂ ಹೋದ ಅಂದುಕೊಂಡೆ. ಮಧು ತಿರುವಿನಲ್ಲಿ ಕಾರು ನಿಲ್ಲಿಸಿದ. ಪಕ್ಕದ ಬಾಗಿಲು ತೆರೆದು, ಏದುಸಿರು ಬಿಡುತ್ತ ಓಡಿ ಬರುತ್ತಿದ್ದ ಹೆಂಡತಿಗಾಗಿ ಕಾದ. ಅಷ್ಟರಲ್ಲಿ ಇಂಜಿನ್ ಆಫ್ ಆಯಿತು.

"ಥೂ, ನಿಂತೇಹೋಯ್ತಲ್ಲ ಅಜ್ಜಿ!" ಎಂದು ಅಲ್ಲಿಂದಲೇ ಕೂಗಿದ.

ಕಾರಿನ ಕಾಗದಪತ್ರ ತರಲು ನಾನು ಒಳಗೆ ಹೋದೆ.